ಇಳಿಯುವ ಕಟ್ಟೆ

ನನ್ನ ಕುರ್ಚಿಯಿಂದ ಹತ್ತಿರದ ಕಡಲಿಗೆ
ಸಾವಿರ ಕಿಲೋಮೀಟರಿನ ಮೇಲೆ ದಾರಿ.
ಲುಸಾಕಾ, ಕೈರೋ ರಸ್ತೆ, ಎರಡನೇ ಮಹಡಿ,
ಕಿಟಕಿಯ ಕೆಳಗೆ ಮಿನಿಬಸ್ಸಿನ ಹುಡುಗರ ಕೂಗು.
ಹತ್ತೊಂಬತ್ತು ವರ್ಷದಿಂದ ಇಲ್ಲೇ ಕೂತು
ಯಾರ ಯಾರದೋ ಮಂಚಕ್ಕೆ, ಮೇಜಿಗೆ, ಮದುವೆಯ ಪಿಂಗಾಣಿಗೆ
ದಡ ಗೊತ್ತುಮಾಡಿದ್ದೇನೆ.
ಕಡಲನ್ನು ಮಾತ್ರ ಕಂಡವಳಲ್ಲ.

ಮಾರ್ಚಿನಲ್ಲಿ ಬಂದರು ಮುಟಿಂಟಾ ಹಮೂಂಗಾ.
ಡಂಡೀಯ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ರಾತ್ರಿ ಪಾಳಿ.
ಪಟ್ಟಿ ಓದಿದರು, ರೋಗಿಗೆ ಮಾತ್ರೆ ಎಣಿಸುವ ದನಿಯಲ್ಲಿ:
ಹಾಸಿಗೆ ಮೂರು, ಹೆಣೆಯುವ ಯಂತ್ರ ಒಂದು,
ಪುಸ್ತಕ, ಉಣ್ಣೆ, ಬಾಗಿಲು ಸಡಿಲಾದ ಫ್ರೀಜರು.
‘ಇಪ್ಪತ್ತಡಿಯ ಪೆಟ್ಟಿಗೆ. ಯಾವ ಬಂದರು ಅಗ್ಗ?’

ಎಲ್ಲರೂ ಕೇಳುವುದು ಅದನ್ನೇ.
ಅಗ್ಗ ಅನ್ನುವುದು ಹಡಗಿನವನ ಮಾತು, ತಾಯಿ.
ಇಳಿಸಿ ಅವನು ಹೊರಟ ಮೇಲೆ ನಿಜವಾದ ಲೆಕ್ಕ.
ಕಟ್ಟೆಯ ಮೇಲೆ ಏಳು ದಿನ ಬಿಟ್ಟಿ,
ಎಂಟನೆಯ ದಿನ ಬಾಡಿಗೆಗೆ ಹಲ್ಲು ಹುಟ್ಟುತ್ತದೆ.

ನಕ್ಷೆಯಲ್ಲಿ ಬೇಯ್ರಾ ಹತ್ತಿರ. ಗೇಣು.
ಆದರೆ ಹೊಳೆ ತಂದು ಸುರಿಯುವ ಹೂಳು, ಮೇಲೆ ಇದು ಬಿರುಗಾಳಿಯ ತಿಂಗಳು.
ಡರ್ಬನ್ನಿಗೆ ಹಡಗಿನ ಬರವಿಲ್ಲ;
ಅಷ್ಟು ದೊಡ್ಡ ಸಂತೆಯಲ್ಲಿ ನಿಮ್ಮದೊಂದು ಪೆಟ್ಟಿಗೆ
ಕೈತಪ್ಪಿದ ಮಗು.
ದಾರೆಸ್ಸಲಾಮಿನ ಕತೆ ನನ್ನ ತಮ್ಮ ಸಿತಾಲಿಯನ್ನು ಕೇಳಿ.
ಲಾರಿಯವನು. ಟುಂಡುಮಾ ಗಡಿಯ ಸಾಲಿನಲ್ಲಿ
ಒಂಬತ್ತು ದಿನ ನಿಂತ, ಗಡ್ಡ ಬಂತು,
ಅನ್ನ ಮಾರಲು ಬಂದವಳ ಹತ್ತಿರ ಸಾಲ ಬಂತು,
ಈಗ ಅವಳೇ ನನ್ನ ನಾದಿನಿ.

ಅವರು ನಗಲಿಲ್ಲ. ಪಟ್ಟಿಯ ಕೊನೆಗೆ ಬೆರಳಿಟ್ಟರು.
ಅರವತ್ತೊಂದು: ಬೂಟಿನ ಡಬ್ಬ, ಬೆಲೆ ಇಲ್ಲ.

ಬೆಲೆಯ ಕಾಲಮ್ಮು ಖಾಲಿ ಬಿಡುವಂತಿಲ್ಲ, ಅಂದೆ. ಒಳಗೇನು?
‘ಹದಿನಾಲ್ಕು ಕ್ಯಾಸೆಟ್ಟು. ಅಮ್ಮನಿಗೆ ಬರೆಯಲು ಬರುತ್ತಿರಲಿಲ್ಲ.
ಮೋಂಜೆಯಿಂದ ಮಾತಾಡಿ ಕಳಿಸುತ್ತಿದ್ದಳು,
ಹಿಂದೆ ಕೋಳಿ ಕೂಗುವುದು ಕೇಳುತ್ತದೆ.
ಅಗ್ಗದ್ದು ಬಿಡಿ. ಪೆಟ್ಟಿಗೆಯನ್ನು
ಯಾವ ಊರಿನವರು ಮೆಲ್ಲಗೆ ತೆರೆಯುತ್ತಾರೆ?’

ಆ ಪ್ರಶ್ನೆಗೆ ನನ್ನ ದರಪಟ್ಟಿಯಲ್ಲಿ ಸಾಲಿಲ್ಲ.

ನಾವು ಲೋಜಿಗಳು. ಜಾಂಬೆಜಿ ಉಕ್ಕಿದ ವರ್ಷ
ಪಾತ್ರೆ ಪಗಡ ದೋಣಿಗೇರಿಸಿ ಎತ್ತರದ ನೆಲಕ್ಕೆ ಹೋಗುವವರು.
ಎಲ್ಲರೂ ದೋಣಿ ಆರಿಸುವಾಗ ಅಜ್ಜಿ ಗೊಣಗುತ್ತಿದ್ದಳು:
ತೇಲುವುದನ್ನೇನು ನೋಡುತ್ತೀರಿ,
ಇಳಿಯುವ ಕಟ್ಟೆಯಲ್ಲಿ ಕೆಸರೆಷ್ಟು ನೋಡಿ.

ವಾಲ್ವಿಸ್ ಬೇ, ಅಂದೆ.
ಹಡಗು ಕಡಿಮೆ, ದಾರಿ ಉದ್ದ,
ಮರಳುಗಾಡು ದಾಟಿ, ಕಟೀಮಾದ ಸೇತುವೆ ದಾಟಿ,
ಕತ್ತಲಾದರೆ ರಸ್ತೆ ಆನೆಗಳದ್ದು, ಲಾರಿ ನಿಲ್ಲಬೇಕು.
ಆದರೆ ಅಲ್ಲಿ ಅವಸರವಿಲ್ಲ. ಅವಸರವಿಲ್ಲದವರ ಕೈ ಹಗುರ.
ಕ್ಯಾಸೆಟ್ಟಿನ ಎದುರು ಬರೆದೆ:
ಇಲ್ಲಿಂದಲೇ ಹೋದದ್ದು.
ಮರಳಿ ಬಂದ ಮಾಲಿಗೆ ಸುಂಕವಿಲ್ಲ.

ಹೇಳಿದ್ದಕ್ಕಿಂತ ಹನ್ನೊಂದು ದಿನ ತಡವಾಯಿತು.
ಬೈಸಿಕೊಂಡೆ, ದಿನಾ ಬೆಳಿಗ್ಗೆ, ಫೋನಿನಲ್ಲಿ.
ಒಂದು ಹಾಸಿಗೆಗೆ ನೀರು ತಗುಲಿತ್ತು, ಅದನ್ನೂ ಬರೆದುಕೊಂಡರು.
ಡಬ್ಬಕ್ಕೆ ಕಟ್ಟಿದ ದಾರದ ಗಂಟು ಮಾತ್ರ
ಅವರೇ ಹಾಕಿದ್ದು, ಹಾಗೇ ಇತ್ತು.

ಅವರು ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುವಾಗ
ನಾನು ಪೆಟ್ಟಿಗೆಯ ಬಾಗಿಲ ಚಿಲಕ ಮುಟ್ಟಿದೆ.
ಬಿಳೀ ಹೆಪ್ಪು, ನಡುವೆ ಎರಡು ಕಾಳು ಮರಳು.
ಯಾರೂ ನೋಡುತ್ತಿಲ್ಲವೆಂದು ಬೆರಳನ್ನು ನಾಲಿಗೆಗಿಟ್ಟೆ.

ರಸೀದಿಯ ಮೇಲೆ ಒದ್ದೆ ಗುರುತು ಬಿತ್ತು.
ಹಮೂಂಗಾ ಅದರ ಮೇಲೆಯೇ ಸಹಿ ಹಾಕಿದರು.